ಹೆಜ್ಜೆ ಬಲ್ಲ ಕಣ್ಣು

ಕುಣಿಯುವವರ ಚಿತ್ರ ತೆಗೆಯುವವನಿಗೆ ಕುಣಿಯಲು ಬರಬೇಕೆ? ಹೀಗೆಂದು ಯಾರಾದರೂ ಕೇಳಿದರೆ ನೀವು ನಗಬಹುದು. ಅಡಿಗೆಯ ರುಚಿ ಹೇಳುವುದಕ್ಕೆ ಒಲೆ ಊದಲೇಬೇಕೆ, ಎತ್ತಿನ ಬೆಲೆ ಕಟ್ಟುವುದಕ್ಕೆ ನೊಗಕ್ಕೆ ಹೆಗಲು ಕೊಡಲೇಬೇಕೆ ಎಂದು ಮರುಪ್ರಶ್ನೆ ಹಾಕಲೂಬಹುದು. ನ್ಯಾಯವಾದ ಮಾತೇ. ಆದರೆ ಉತ್ತರ ಹೇಳುವ ಮೊದಲು ಒಂದು ಉಪಕಾರ ಮಾಡಿ. ಕೊಪ್ಪಳದ ಗವಿಮಠದ ಜಾತ್ರೆಯಲ್ಲೋ, ನಿಮ್ಮ ಊರ ಮೊಹರಮ್ಮಿನಲ್ಲೋ ನೀವಾಗಲಿ ನಿಮ್ಮ ಮನೆಯ ಹುಡುಗರಾಗಲಿ ಫೋನಿನಲ್ಲಿ ತೆಗೆದ ಕುಣಿತದ ಚಿತ್ರಗಳನ್ನು ಒಮ್ಮೆ ಹೊರತೆಗೆದು ನೋಡಿ. ಐವತ್ತು ಚಿತ್ರಗಳಿರುತ್ತವೆ. ಒಂದರಲ್ಲಿ ಡೊಳ್ಳಿನವನ ಕೈಯಿದೆ, ಕೋಲಿಲ್ಲ. ಒಂದರಲ್ಲಿ ಕೋಲಿದೆ, ಮುಖವಿಲ್ಲ. ಇನ್ನೊಂದರಲ್ಲಿ ಕೈ, ಕೋಲು, ಮುಖ ಎಲ್ಲವೂ ಇವೆ. ಆದರೆ ಆ ಮನುಷ್ಯ ಕುಣಿಯುತ್ತಿಲ್ಲ, ತಪ್ಪಿಹೋಗುತ್ತಿರುವ ಬಸ್ಸಿನ ಹಿಂದೆ ಓಡುತ್ತಿದ್ದಾನೆ. ಅಂದು ನೀವು ಕಣ್ಣಾರೆ ಕಂಡು ಮೈಮರೆತ ಕುಣಿತ ಈ ಐವತ್ತರೊಳಗೆ ಎಲ್ಲಿಯೂ ಸಿಗುವುದಿಲ್ಲ.

ತಪ್ಪು ಕ್ಯಾಮೆರಾದ್ದಲ್ಲ. ಇಂದಿನ ಕ್ಯಾಮೆರಾ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಕಣ್ಣು ತೆರೆದು ಮುಚ್ಚಬಲ್ಲುದು. ತಡವಾಗುವುದು ನಮ್ಮಲ್ಲಿ. ಕಣ್ಣು ಕಂಡದ್ದು ಮಿದುಳಿಗೆ ಮುಟ್ಟಿ, ಅಲ್ಲಿಂದ ಅಪ್ಪಣೆ ಹೊರಟು, ಬೆರಳು ಗುಂಡಿಯನ್ನು ಒತ್ತುವುದಕ್ಕೆ ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಲೆಕ್ಕ ಮಾಡಿ ನೋಡಿ. ನಿಮಿಷಕ್ಕೆ ೧೨೦ ಪೆಟ್ಟು ಬೀಳುವ ನಡೆಯಲ್ಲಿ ಒಂದು ಪೆಟ್ಟಿಗೆ ಅರ್ಧ ಸೆಕೆಂಡು. ಪೆಟ್ಟಿಗೆ ಎರಡು ಹೆಜ್ಜೆಯಂತೆ ಕುಣಿದರೆ ಹೆಜ್ಜೆಗೆ ಕಾಲು ಸೆಕೆಂಡು. ಚೆಂದದ ಹೆಜ್ಜೆಯೊಂದು ಕಂಡಿತೆಂದು ನೀವು ಒತ್ತುವ ಹೊತ್ತಿಗೆ ಅದು ಮುಗಿದು ಅದರ ತಂಗಿ ಬಂದು ನಿಂತಿರುತ್ತಾಳೆ. ಕಂಡ ಮೇಲೆ ಒತ್ತುವವನು ಯಾವಾಗಲೂ ಒಂದು ಹೆಜ್ಜೆ ಹಿಂದೆ. ಕಾಣುವ ಮೊದಲೇ ಒತ್ತಬೇಕು. ಕಾಣುವ ಮೊದಲೇ ಒತ್ತಬೇಕಾದರೆ ಬರಲಿರುವುದು ಏನೆಂದು ಗೊತ್ತಿರಬೇಕು. ಕುಣಿತ ಬಲ್ಲವನಿಗೂ ಬಲ್ಲದವನಿಗೂ ಇರುವ ಅಂತರ ಇಷ್ಟೇ. ಆದರೆ ಈ ಇಷ್ಟೇ ಎಂಬುದು ಎಷ್ಟು ದೊಡ್ಡದೆಂಬುದನ್ನು ನಾನು ಕಲಿತ ಬಗೆಯನ್ನು ನಿಮಗೆ ಹೇಳಬೇಕು.

೧೯೮೧ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿದ್ದಾಗ, ಯಲಬುರ್ಗಾ ಸೀಮೆಯ ನಮ್ಮ ಹಳ್ಳಿಯ ದೊಡ್ಡಾಟದಲ್ಲಿ ನನಗೊಂದು ಸಖಿಯ ಪಾತ್ರ ಸಿಕ್ಕಿತು. ಮಾತು ನಾಲ್ಕೇ ಸಾಲು. ಕುಣಿತ ಮಾತ್ರ ರಾತ್ರಿಯಿಡೀ. ಸುಗ್ಗಿ ಮುಗಿದ ಮೇಲೆ ಎರಡು ತಿಂಗಳು ತಾಲೀಮು ನಡೆಯಿತು. ಕಲಿಸುವ ಮಾಸ್ತರರು ಕಂಬಕ್ಕೆ ಒರಗಿ ಕುಳಿತು, ಕೈಯ ಕೋಲಿನಿಂದ ಹಲಗೆಯನ್ನು ಬಡಿಯುತ್ತಿದ್ದರು. ಹೆಜ್ಜೆ ತಪ್ಪಿದರೆ ಅದೇ ಕೋಲು ಮೊಣಕಾಲಿಗೆ ಬರುತ್ತಿತ್ತು. ನಾನು ಬಗ್ಗಿ ನನ್ನ ಕಾಲನ್ನೇ ನೋಡುತ್ತ ಕುಣಿದರೆ, “ಕಾಲು ನೋಡಬ್ಯಾಡಲೇ ತಮ್ಮಾ, ಮದ್ದಲಿ ಕೇಳು” ಎನ್ನುತ್ತಿದ್ದರು. ಮೂರು ವರ್ಷ ಆ ಪಾತ್ರ ಮಾಡಿದೆ. ಆಮೇಲೆ ಗಂಟಲು ಒಡೆಯಿತು, ಮೀಸೆ ಚಿಗುರಿತು, ಸಖಿಯ ಸೀರೆ ಬೇರೆ ಹುಡುಗನ ಪಾಲಾಯಿತು. ನಾನು ಓದಿಗೆ ಹೋದೆ. ಛಂದಸ್ಸು, ವ್ಯಾಕರಣ, ಕಾವ್ಯಮೀಮಾಂಸೆ ಎಂದು ಪಂಡಿತ ಪರೀಕ್ಷೆಯ ದಾರಿ ಹಿಡಿದೆ. ಕುಣಿತ ಮರೆತೇಹೋಯಿತೆಂದು ತಿಳಿದಿದ್ದೆ.

೧೯೯೫ರಲ್ಲಿ ಮಾಸ್ತರಿಕೆಯ ಸಂಬಳ ಕೂಡಿಟ್ಟು ಹಳೆಯ ಕ್ಯಾಮೆರಾ ಒಂದನ್ನು ಕೊಂಡೆ. ಎಲ್ಲವನ್ನೂ ಕೈಯಿಂದಲೇ ತಿರುವಿ ಹೊಂದಿಸಬೇಕಾದ ಯಂತ್ರ. ಮೊದಲ ರೀಲನ್ನು ಮಕ್ಕಳ ಮೇಲೂ ಮಾವಿನ ಮರದ ಮೇಲೂ ಖರ್ಚು ಮಾಡಿದೆ. ಎರಡನೆಯ ರೀಲನ್ನು ತೆಗೆದುಕೊಂಡು ಊರಿಗೆ ಹೋದೆ; ಆ ಸಲ ಕರ್ಣಾರ್ಜುನರ ಕಾಳಗದ ಆಟವಿತ್ತು, ನಮ್ಮ ಮಾಸ್ತರರೇ ಕರ್ಣ. ಅವರಿಗೆ ಅರುವತ್ತು ದಾಟಿತ್ತು. ಅಟ್ಟದ ಮುಂದೆ ಎಲ್ಲರಿಗಿಂತ ಮುಂದೆ ಕುಳಿತು, ಮಿಂಚುದೀಪ ಹಚ್ಚಿ, ಕಂಡಕಂಡಾಗಲೆಲ್ಲ ಒತ್ತಿದೆ. ೩೬ ಚಿತ್ರಗಳೂ ಅರ್ಧ ರಾತ್ರಿಯೊಳಗೇ ಮುಗಿದವು. ವಾರದ ಮೇಲೆ ತೊಳೆಸಿ ತಂದ ಚಿತ್ರಗಳನ್ನು ಹೆಮ್ಮೆಯಿಂದ ಅವರ ಮನೆಗೆ ಒಯ್ದೆ. ಅವರು ಅಂಗಳಕ್ಕೆ ಬಂದು, ಬಿಸಿಲಿಗೆ ಹಿಡಿದು, ಒಂದೊಂದನ್ನೂ ನಿಧಾನವಾಗಿ ನೋಡಿದರು. ಬೇಗಡೆ ಹಚ್ಚಿದ ಭುಜಕೀರ್ತಿಗೆ ಮಿಂಚುದೀಪ ಬಡಿದು ಹಲವು ಚಿತ್ರಗಳಲ್ಲಿ ಮುಖದ ಜಾಗದಲ್ಲಿ ಬರೀ ಬಿಳಿಯ ಬೆಳಕಿತ್ತು. ಮುಖ ಕಂಡ ಕಡೆ ಒಂದು ಕಾಲು ಗಾಳಿಯಲ್ಲಿ, ಬಾಯಿ ಅರೆತೆರೆದು, ಕಿರೀಟ ವಾಲಿ. ಕೊನೆಗೆ ಒಂದನ್ನು ಎತ್ತಿ ಹಿಡಿದು ಹೇಳಿದರು: “ನಾ ಬೀಳೂದನ್ನ ತಗದೀಯಲ್ಲೋ ತಮ್ಮಾ. ನಾ ನಿಲ್ಲೂದನ್ನ ತಗೀಬೇಕಿತ್ತು.”

ಸಿಟ್ಟಿನಿಂದ ಹೇಳಿದ ಮಾತಲ್ಲ. ಆದರೆ ಅದು ನನ್ನನ್ನು ಬಹಳ ದಿನ ಕಾಡಿತು. ನಲವತ್ತು ವರ್ಷ ಅಟ್ಟದ ಮೇಲೆ ಕುಣಿದ ಆ ಮನುಷ್ಯನ ಒಂದೇ ಒಂದು ವೇಷದ ಚಿತ್ರ ಅದುವರೆಗೆ ಯಾರೂ ತೆಗೆದಿರಲಿಲ್ಲ. ಪಡಿತರ ಚೀಟಿಗೆಂದು ಗಂಗಾವತಿಯಲ್ಲಿ ತೆಗೆಸಿದ, ಟೋಪಿ ಹಾಕಿದ, ಕಣ್ಣು ಬಿಟ್ಟುಕೊಂಡ ಒಂದು ಚಿತ್ರ ಬಿಟ್ಟರೆ ಅವರ ಆಕೃತಿ ಎಲ್ಲಿಯೂ ಇರಲಿಲ್ಲ. ಇದ್ದಕ್ಕಿದ್ದಂತೆ ಅವರು ತೀರಿಹೋಗಿದ್ದರೆ ನಾನು ತೆಗೆದ ಆ ಬೀಳುವ ಕರ್ಣನೇ ಉಳಿಯುತ್ತಿದ್ದ. ನಮ್ಮ ಕಡೆಯ ಹಳ್ಳಿಯ ಆಟಗಾರರಿಗೆ ಪಟ್ಟಣದ ನರ್ತಕರಂತೆ ನೂರು ಚಿತ್ರಗಳಿರುವುದಿಲ್ಲ. ಒಂದೇ ಇರುತ್ತದೆ. ಅದು ಸರಿಯಿರಬೇಕು.

ಮರುವರ್ಷ ಮತ್ತೆ ಹೋದೆ. ಈ ಸಲ ಮಿಂಚುದೀಪ ಒಯ್ಯಲಿಲ್ಲ. ಅಟ್ಟಕ್ಕೆ ಕಟ್ಟಿದ್ದ ನಾಲ್ಕು ಟ್ಯೂಬ್‌ಲೈಟಿನ ಬೆಳಕೇ ಗತಿ. ನನ್ನಲ್ಲಿದ್ದದ್ದು ೧೦೦ ಅಂಕದ ಫಿಲ್ಮು. ಆ ಬೆಳಕಿಗೆ ಅದು ಬಹಳ ಮಂದ. ಸೆಕೆಂಡಿನ ಹದಿನೈದನೆಯ ಒಂದು ಪಾಲಿನಷ್ಟು ಹೊತ್ತಾದರೂ ಕ್ಯಾಮೆರಾ ಕಣ್ಣು ತೆರೆದಿರಬೇಕು. ಅಷ್ಟು ಹೊತ್ತಿನಲ್ಲಿ ಸುಮ್ಮನೆ ನಡೆಯುವವನೂ ಮಸುಕಾಗುತ್ತಾನೆ, ಇನ್ನು ಕುಣಿಯುವವನ ಪಾಡೇನು! ಏನು ಮಾಡುವುದೆಂದು ತಿಳಿಯದೆ ಒಂದು ಗಂಟೆ ಸುಮ್ಮನೆ ಕುಳಿತು ಕೇಳಿದೆ. ಆಗ ಒಂದು ಸಂಗತಿ ನಡೆಯಿತು. ಹಿಮ್ಮೇಳದವರು ಪದದ ಕೊನೆಯ ಸಾಲನ್ನು ಎತ್ತಿಕೊಂಡರು, ಮದ್ದಲೆ ಮುಕ್ತಾಯಕ್ಕೆ ತಿರುಗಿತು, ನನ್ನ ಎಡಗಾಲು ತಾನಾಗಿಯೇ ನೆಲ ತಟ್ಟಿತು. ಇಷ್ಟು ವರ್ಷ ಮರೆತಿದ್ದೆನೆಂದುಕೊಂಡದ್ದು ಕಾಲಿನಲ್ಲಿ ಹಾಗೆಯೇ ಇತ್ತು! ಮುಕ್ತಾಯದ ಪಾಠ ಮೂರು ಸಲ ಬರುತ್ತದೆಂಬುದು ನಿಮಗೆ ಗೊತ್ತಿರಬಹುದು; ಸಂಗೀತ ಕಛೇರಿಯಲ್ಲಿಯೂ ಹಾಗೆಯೇ. ಮೊದಲನೆಯ ಸಲ ಅದು, ಇಗೋ ಬಂದೆ ಎನ್ನುತ್ತದೆ. ಎರಡನೆಯ ಸಲ ಕುಣಿಯುವವನು ಮೈಯ ತೂಕವನ್ನೆಲ್ಲ ಒಂದು ಕಾಲಿನ ಕಡೆಗೆ ತರುತ್ತಾನೆ. ಮೂರನೆಯದರ ಕೊನೆಯ ಪೆಟ್ಟಿಗೆ ಊರುತ್ತಾನೆ. ಊರಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಕಲ್ಲಿನಂತೆ ನಿಲ್ಲುತ್ತಾನೆ. ಆ ಒಂದು ಉಸಿರು ನನ್ನ ಮಂದ ಫಿಲ್ಮಿಗೆ ಬೇಕಾದಷ್ಟಾಯಿತು.

ಮೊದಲನೆಯ ಸಲ ಕ್ಯಾಮೆರಾ ಎತ್ತಿದೆ, ಎರಡನೆಯ ಸಲ ಉಸಿರು ಹಿಡಿದೆ, ಮೂರನೆಯ ಪೆಟ್ಟಿಗೆ ಒತ್ತಿದೆ. ಕಣ್ಣಿನಿಂದ ಒತ್ತಲಿಲ್ಲ, ಕಾಲಿನಿಂದ ಒತ್ತಿದೆ ಎಂದರೆ ನೀವು ಅಲಂಕಾರವೆಂದು ತಿಳಿಯಬಾರದು. ನಡೆದದ್ದೇ ಹಾಗೆ. ೩೬ರಲ್ಲಿ ಏಳು ಚಿತ್ರಗಳು ಚೆನ್ನಾಗಿ ಬಂದವು. ಭುಜಕೀರ್ತಿ ಯಾವ ತಿರುವಿನಲ್ಲಿ ದೀಪಕ್ಕೆ ಎದುರಾಗುತ್ತದೆಂಬುದೂ ಗೊತ್ತಿತ್ತಾದ್ದರಿಂದ ಆ ಗಳಿಗೆ ಬಿಟ್ಟು ಒತ್ತಿದ್ದೆ. ಚಿತ್ರಗಳನ್ನು ಒಯ್ದು ತೋರಿಸಿದಾಗ ಮಾಸ್ತರರು ಮುಖವನ್ನು ನೋಡಲೇ ಇಲ್ಲ. ಬೆರಳಿಟ್ಟು ಕಾಲನ್ನು ನೋಡಿದರು. “ಹಾಂ, ಈಗ ಊರೇದ ನೋಡು” ಎಂದರು.

ಇನ್ನು ಸ್ವಲ್ಪ ಪಂಡಿತಗಿರಿಗೆ ಅಪ್ಪಣೆ ಕೊಡಿ. ಈ ಮಾತು ನಮ್ಮ ಹಿರಿಯರಿಗೆ ಹೊಸದಲ್ಲ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ವಜ್ರನೆಂಬ ಅರಸ ಮಾರ್ಕಂಡೇಯ ಋಷಿಯ ಬಳಿಗೆ ಹೋಗಿ, ದೇವರ ಪ್ರತಿಮೆ ಮಾಡುವ ವಿದ್ಯೆಯನ್ನು ತನಗೆ ಹೇಳಿಕೊಡಬೇಕೆಂದು ಬೇಡುತ್ತಾನೆ. ಚಿತ್ರದ ಶಾಸ್ತ್ರ ತಿಳಿಯದವನಿಗೆ ಪ್ರತಿಮೆಯ ಲಕ್ಷಣ ತಿಳಿಯದೆಂದು ಋಷಿ ಹೇಳುತ್ತಾನೆ. ಹಾಗಾದರೆ ಚಿತ್ರವನ್ನು ಹೇಳಿಕೊಡಿ ಎಂದರೆ, ನೃತ್ತ ತಿಳಿಯದವನಿಗೆ ಚಿತ್ರ ದಕ್ಕದು ಎನ್ನುತ್ತಾನೆ. ನೃತ್ತಕ್ಕೆ ವಾದ್ಯ ಬೇಕು, ವಾದ್ಯಕ್ಕೆ ಗೀತ ಬೇಕು. ಪ್ರತಿಮೆ ಕೇಳಲು ಹೋದ ಅರಸ ಹಾಡಿನ ಒಂದನೆಯ ಪಾಠಕ್ಕೆ ಬಂದು ಕುಳಿತ! ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ, ಪುರಾಣಕಾರರಿಗೆ ಎಲ್ಲವನ್ನೂ ಎಲ್ಲದಕ್ಕೂ ಗಂಟುಹಾಕುವ ಚಟ ಎಂದು ನಕ್ಕಿದ್ದೆ. ಆಟದ ಅಟ್ಟದ ಮುಂದೆ ಕುಳಿತು ಮದ್ದಲೆ ಕೇಳಿ ಚಿತ್ರ ತೆಗೆದ ಮೇಲೆ ನಗು ನಿಂತಿತು.

ಇದಕ್ಕಿಂತಲೂ ಹತ್ತಿರದ ಸಾಕ್ಷಿಯೊಂದಿದೆ, ನಮ್ಮ ಗಂಗಾವತಿ ತಾಲೂಕಿನ ಆನೆಗೊಂದಿಯಿಂದ ಹೊಳೆ ದಾಟಿದರಾಯಿತು. ಕೃಷ್ಣದೇವರಾಯನ ಕಾಲದಲ್ಲಿ, ೧೫೨೦ರ ಸುಮಾರಿಗೆ, ದೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಅವನ ಬರಹವನ್ನು ರಾಬರ್ಟ್ ಸೀವೆಲ್ ೧೯೦೦ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅರಮನೆಯ ಹೆಣ್ಣುಮಕ್ಕಳು ನೃತ್ಯ ಕಲಿಯುವ ಶಾಲೆಯನ್ನು ಪಾಯೆಸ್ ಒಳಹೊಕ್ಕು ನೋಡಿದ್ದ. ಕೈಯಿಂದ ಹಿಡಿದು ಜಗ್ಗಿ ಮೈ ಸಡಿಲಿಸಿಕೊಳ್ಳುವುದಕ್ಕೆಂದೇ ಅಲ್ಲೊಂದು ಜಾಗವಿತ್ತಂತೆ. ಗೋಡೆಯ ಫಲಕಗಳಲ್ಲಿ ನರ್ತಕಿಯರ ಆಕೃತಿಗಳಿದ್ದವು. ಅವು ಬರಿಯ ಅಲಂಕಾರವಲ್ಲ. ಒಂದೊಂದು ಫಲಕವೂ ಒಂದೊಂದು ನೃತ್ಯದ ಕೊನೆಯ ನಿಲುವು. ಕಲಿಯುವ ಹುಡುಗಿ ಕುಣಿತ ಮುಗಿಸಿ ಹೇಗೆ ನಿಲ್ಲಬೇಕೆಂಬುದನ್ನು ಮರೆತರೆ ಆ ಫಲಕವನ್ನು ನೋಡಿ ನೆನಪು ಮಾಡಿಕೊಳ್ಳಬೇಕು. ಅದಕ್ಕಾಗಿ ಅವುಗಳನ್ನು ಮಾಡಿದ್ದರೆಂದು ಪಾಯೆಸ್ ವಿವರಿಸುತ್ತಾನೆ.

ನೀವೇ ಯೋಚಿಸಿ. ಒಂದು ಇಡೀ ನೃತ್ಯದಲ್ಲಿ ಸಾವಿರಾರು ಭಂಗಿಗಳು ಬಂದು ಹೋಗುತ್ತವೆ. ಆ ಶಿಲ್ಪಿ ಒಂದನ್ನೇ ಆರಿಸಬೇಕಾಗಿತ್ತು. ಅವನು ಆರಿಸಿದ್ದು ಊರಿ ನಿಂತ ಗಳಿಗೆಯನ್ನು. ಮಾಸ್ತರರು ನನ್ನಿಂದ ಕೇಳಿದ್ದೂ ಅದನ್ನೇ. ಪಾಯೆಸನ ಪುಸ್ತಕದ ಹೆಸರನ್ನೂ ಅವರು ಕೇಳಿರಲಿಲ್ಲ.

ಆ ಶಾಲೆ ಇಂದು ನಿಂತಿಲ್ಲ. ಆದರೆ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೂ ಮಹಾನವಮಿ ದಿಬ್ಬದ ಬದಿಗಳಲ್ಲಿಯೂ ಸಾಲುಸಾಲಾಗಿ ನರ್ತಕಿಯರಿದ್ದಾರೆ. ಹೈಸ್ಕೂಲಿನ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ನಾನೊಂದು ಆಟ ಆಡಿಸುತ್ತೇನೆ. ಗೋಡೆಯ ಮೇಲಿನ ಒಬ್ಬಳನ್ನು ತೋರಿಸಿ, ಹಾಗೆಯೇ ನಿಲ್ಲಿ ಎನ್ನುತ್ತೇನೆ. ಮೊದಲು ಎಲ್ಲರೂ ಕೈಯನ್ನು ಅನುಕರಿಸುತ್ತಾರೆ. ಕೈ ಕಣ್ಣಿಗೆ ಬೇಗ ಬೀಳುತ್ತದಲ್ಲ. ಆಮೇಲೆ ಕಾಲು. ಆಗ ಅರ್ಧ ಮಂದಿ ವಾಲಿ ಪಕ್ಕದವರ ಮೇಲೆ ಬೀಳುತ್ತಾರೆ. ಎದ್ದು ಮತ್ತೆ ನೋಡಿದಾಗ ಕಲ್ಲಿನ ನರ್ತಕಿಯ ಸೊಂಟ ಯಾವ ಕಡೆಗೆ ಹೊರಳಿದೆ, ಹಿಮ್ಮಡಿ ಏಕೆ ಎದ್ದಿದೆ ಎಂಬುದು ಕಾಣುತ್ತದೆ. ಬಿದ್ದು ಎದ್ದ ಹುಡುಗರೇ ಆಮೇಲೆ ತೆಗೆದ ಚಿತ್ರಗಳಲ್ಲಿ ಕಾಲುಗಳು ಪೂರ್ತಿಯಾಗಿ ಇರುತ್ತವೆ. ಬೀಳದವರು ಸೊಂಟದ ಕೆಳಗೆ ಕತ್ತರಿಸಿಬಿಡುತ್ತಾರೆ. ಪ್ರತಿ ವರ್ಷವೂ ಹೀಗೆಯೇ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಕೊಡಬೇಕು. ನಿಂತ ಗಳಿಗೆಯನ್ನೇ ತೆಗೆಯುವುದಾದರೆ ಕುಣಿತವೇಕೆ ಬೇಕು, ನರ್ತಕನನ್ನು ಚಿತ್ರಶಾಲೆಗೆ ಕರೆಸಿ ನಿಲ್ಲಿಸಿ ತೆಗೆಯಬಾರದೆ? ಹಾಗೆ ತೆಗೆದ ಚಿತ್ರಗಳನ್ನು ನೀವು ಕ್ಯಾಲೆಂಡರುಗಳಲ್ಲಿ ಕಂಡಿದ್ದೀರಿ. ನನಗೆ ಅವು ಸೇರುವುದಿಲ್ಲ. ಅವು ಬಟ್ಟೆಯಂಗಡಿಯ ಗೊಂಬೆಯಂತೆ ನಿಂತಿರುತ್ತವೆ. ಓಡಿ ಬಂದು ನಿಂತವನಂತೆ ನಿಂತಿರುವುದಿಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ೧೦೮ ಕರಣಗಳನ್ನು ಹೇಳಿದೆ. ಕೈಕಾಲುಗಳು ಕೂಡಿ ನಡೆಸುವ ಕ್ರಿಯೆಗೆ ಅಲ್ಲಿ ಕರಣವೆಂದು ಹೆಸರು. ಚಿದಂಬರದ ಗೋಪುರಗಳಲ್ಲಿ ಇವನ್ನು ಕೆತ್ತಿದ್ದಾರೆ. ತಂಜಾವೂರಿನ ದೊಡ್ಡ ಗುಡಿಯಲ್ಲಿ ೮೧ ಕೆತ್ತಿ, ಉಳಿದವುಗಳ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಬಹಳ ಕಾಲ ಇವನ್ನು ನಿಂತ ಭಂಗಿಗಳೆಂದೇ ತಿಳಿಯುತ್ತಿದ್ದರು. ತಾವೇ ನರ್ತಕಿಯಾದ ಪದ್ಮಾ ಸುಬ್ರಹ್ಮಣ್ಯಂ ಅವರು ಕರಣಗಳನ್ನು ಕುರಿತು ಸಂಶೋಧನೆ ಮಾಡಿ, ಇವು ಭಂಗಿಗಳಲ್ಲ, ಚಲನೆಗಳು. ಶಿಲ್ಪಿ ಒಂದು ಚಲನೆಯ ನಡುವಿನ ಒಂದು ಗಳಿಗೆಯನ್ನು ತೋರಿಸಿದ್ದಾನೆ ಎಂದು ವಾದಿಸಿದರು. ಅದರ ಹಿಂದಿನದನ್ನೂ ಮುಂದಿನದನ್ನೂ ತಮ್ಮ ಮೈಯಿಂದಲೇ ಕುಣಿದು ತೋರಿಸಿದರು. ಒಳ್ಳೆಯ ಚಿತ್ರದ ಪರೀಕ್ಷೆಯೂ ಅದೇ ಎಂದು ನನ್ನ ಎಣಿಕೆ. ಕುಣಿತ ಬಲ್ಲವನ ಕೈಗೆ ಚಿತ್ರವನ್ನು ಕೊಟ್ಟರೆ, ಹೆಜ್ಜೆ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಅವನು ಹೇಳುವಂತಿರಬೇಕು.

ಶಿಲ್ಪಿಗಳಿಗೂ ಈ ಚಲನೆಯ ಕಾಟ ತಪ್ಪಿರಲಿಲ್ಲ. ಕುಷ್ಟಗಿಯವರು ಬಾದಾಮಿಗೆ ಹೋಗಿಬರುವವರು. ಅಲ್ಲಿಯ ಮೊದಲನೆಯ ಗುಹೆಯ ನಟರಾಜನನ್ನು ನೋಡಿರುತ್ತೀರಿ. ಆರನೆಯ ಶತಮಾನದ ಆ ಶಿವನಿಗೆ ೧೮ ತೋಳುಗಳು. ಒಂದೇ ಫಿಲ್ಮಿನ ಮೇಲೆ ಒಂಬತ್ತು ಸಲ ಒತ್ತಿದಂತೆ! ಶಾಸ್ತ್ರಕಾರರು ಇದಕ್ಕೆ ಬೇರೆ ಅರ್ಥ ಹೇಳಲಿ. ನನಗೆ ಮಾತ್ರ, ಕೈ ಹೋದ ದಾರಿಯನ್ನೆಲ್ಲ ಕಲ್ಲಿನಲ್ಲಿ ಇಡಬೇಕೆಂದು ಹಟ ಹಿಡಿದ ಒಬ್ಬ ಮನುಷ್ಯ ಅಲ್ಲಿ ಕಾಣುತ್ತಾನೆ.

ದೂರದ ದೇಶದ ಒಂದು ನಿದರ್ಶನ. ಅಮೆರಿಕದ ಮಾರ್ಥಾ ಸ್ವೋಪ್ ಎಂಬಾಕೆ ನ್ಯೂಯಾರ್ಕಿನ ಬ್ಯಾಲೆ ಶಾಲೆಗೆ ನೃತ್ಯ ಕಲಿಯಲು ಬಂದವಳು. ಆಕೆಯ ಕೈಯಲ್ಲಿ ಕ್ಯಾಮೆರಾ ಕಂಡ ಜೆರೋಮ್ ರಾಬಿನ್ಸ್ ಎಂಬ ಪ್ರಸಿದ್ಧ ನೃತ್ಯ ನಿರ್ದೇಶಕ, ೧೯೫೭ರಲ್ಲಿ ತನ್ನ ‘ವೆಸ್ಟ್ ಸೈಡ್ ಸ್ಟೋರಿ’ ನಾಟಕದ ತಾಲೀಮಿಗೆ ಬಂದು ಚಿತ್ರ ತೆಗೆಯೆಂದು ಕರೆದ. ಅಲ್ಲಿಂದ ಮುಂದೆ ಆಕೆ ಕುಣಿತ ಬಿಟ್ಟು ಕುಣಿಯುವವರ ಚಿತ್ರ ತೆಗೆಯುವುದನ್ನೇ ಬದುಕಾಗಿ ಮಾಡಿಕೊಂಡು, ನ್ಯೂಯಾರ್ಕಿನ ದೊಡ್ಡ ಬ್ಯಾಲೆ ಸಂಸ್ಥೆಯ ಚಿತ್ರಗಳನ್ನು ದಶಕಗಳ ಕಾಲ ತೆಗೆದಳು. ೨೦೧೭ರಲ್ಲಿ ತೀರಿಕೊಂಡಳು. ಹೊರಗಿನವರಿಗೆ ಪ್ರವೇಶವಿಲ್ಲದ ತಾಲೀಮಿನ ಕೋಣೆಯಲ್ಲಿ ಆಕೆಯನ್ನು ಒಳಗಿನವಳೆಂದೇ ಎಣಿಸುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಎಲ್ಲಿ ನಿಂತರೆ ಕುಣಿಯುವವರ ಕಾಲಿಗೆ ಅಡ್ಡವಾಗುವುದಿಲ್ಲ ಎಂಬುದು ಕುಣಿದವರಿಗೆ ಮಾತ್ರ ಗೊತ್ತು.

ಈ ನಿಲ್ಲುವ ಜಾಗದ ಮಾತು ಸಣ್ಣದಲ್ಲ. ನಮ್ಮ ಡೊಳ್ಳಿನವರ ಎದುರಿಗೆ ಹೋಗಿ ನಿಂತ ಪಟ್ಟಣದ ಛಾಯಾಗ್ರಾಹಕರು ಡೊಳ್ಳಿನ ಪೆಟ್ಟು ತಿಂದುದನ್ನು ನಾನು ಕಂಡಿದ್ದೇನೆ. ತಿರುಗುವ ಸುತ್ತು ಎಷ್ಟಗಲವೆಂಬುದು ಅವರಿಗೆ ಗೊತ್ತಿರಲಿಲ್ಲ. ಡೊಳ್ಳಿನವನು ಹಾರಿದಾಗ ಏರಿಕೆಯ ತುದಿಯಲ್ಲಿ ಒಂದು ಗಳಿಗೆ ಮೈ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾರುವ ಮೊದಲು ಮೊಣಕಾಲು ಮಡಿಯುತ್ತದೆ; ಮಡಿದಾಗಲೇ ಬೆರಳು ಸಿದ್ಧವಾಗಬೇಕು. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ನಮ್ಮ ಹಳ್ಳಿಗಳ ಹಿಂದೂಗಳೂ ಮುಸಲ್ಮಾನರೂ ಕೂಡಿ ಹೆಜ್ಜೆ ಹಾಕುತ್ತಾರಲ್ಲ, ಅಲ್ಲಿ ಹೊರಗೆ ನಿಂತವರಿಗೆ ಸಿಗುವುದು ಬರಿಯ ಬೆನ್ನು. ಹೆಜ್ಜೆ ಹಿಂದಕ್ಕೆ ಸರಿಯುವಾಗ ಬಗ್ಗಿದ ಮುಖಗಳು ಮೇಲೇಳುತ್ತವೆ, ಬೆಂಕಿಯ ಬೆಳಕು ಆಗ ಮುಖಕ್ಕೆ ಬೀಳುತ್ತದೆ. ಸುತ್ತಿನಲ್ಲಿ ಸೇರಿ ನಾಲ್ಕು ಸಲ ತಿರುಗಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಲಂಬಾಣಿ ಹೆಣ್ಣುಮಕ್ಕಳ ಕುಣಿತಕ್ಕೆ ಮಾತ್ರ ನಾನು ಇಷ್ಟೊಂದು ಹೇಳಿದ ನಿಲುಗಡೆಯ ಸೂತ್ರ ಹೊಂದುವುದಿಲ್ಲ. ಅವರ ಕುಣಿತ ನಿಲ್ಲುವುದರಲ್ಲಿ ಇಲ್ಲ, ಕನ್ನಡಿ ಹೊಲಿದ ಲಂಗದ ಬೀಸಿನಲ್ಲಿದೆ. ಅಲ್ಲಿ ಸ್ವಲ್ಪ ಮಸುಕಾದರೇ ಚೆಂದ.

ಒಂದು ಕುಣಿತ ಬಲ್ಲವನು ಎಲ್ಲ ಕುಣಿತವನ್ನೂ ಬಲ್ಲನೆಂದು ತಿಳಿಯಬೇಡಿ. ಈ ಗರ್ವ ನನಗಿತ್ತು. ಆನೆಗೊಂದಿ ಉತ್ಸವದಲ್ಲಿ ಅದು ಇಳಿಯಿತು. ಭರತನಾಟ್ಯದ ಕಾರ್ಯಕ್ರಮ. ದೊಡ್ಡಾಟದ ಲೆಕ್ಕದಲ್ಲಿಯೇ ಕೆಳಗೆ ಕುಳಿತು, ಎದೆ ತುಂಬ ಕಾಣುವಂತೆ, ಊರಿದ ಪೆಟ್ಟಿಗೆಲ್ಲ ಒತ್ತಿದೆ. ಕಾಲೇನೋ ಸಿಕ್ಕಿತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಗಾವತಿಯಲ್ಲಿ ಭರತನಾಟ್ಯ ಕಲಿತವಳು, ಅವಳಿಗೆ ತೋರಿಸಿದೆ. ಗುರುಗಳೆಂಬ ಸಂಕೋಚದಿಂದ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಕೈ ಎಲ್ಲಾ ಅರ್ಧಕ್ಕ ನಿಂತಾವ್ರಿ. ಕಣ್ಣು ಇನ್ನೂ ಕೈಗೆ ಮುಟ್ಟಿಲ್ರಿ” ಎಂದಳು. ಆ ನೃತ್ಯದಲ್ಲಿ ಪಾದ ಊರಿದ ಮೇಲೆಯೂ ಕೈ ತನ್ನ ಜಾಗಕ್ಕೆ ಹೋಗಿ ಮುಟ್ಟಬೇಕು, ದೃಷ್ಟಿ ಕೈಯ ಹಿಂದೆ ಹೋಗಬೇಕು, ಆಮೇಲೆ ಚಿತ್ರ. ನಾನು ಪ್ರತಿ ಸಲವೂ ಕೂದಲೆಳೆಯಷ್ಟು ಮುಂಚೆ ಒತ್ತಿದ್ದೆ. ಅವಳು ನನ್ನ ಫೋನನ್ನೇ ಇಸಕೊಂಡು, ತನ್ನ ತಂಗಿಯನ್ನು ಅಂಗಳದಲ್ಲಿ ಕುಣಿಸಿ ಮೂರು ಚಿತ್ರ ತೆಗೆದಳು. ಗೋಡೆ ವಾಲಿತ್ತು, ಒಂದು ಮೂಲೆಯಲ್ಲಿ ಬಕೀಟು ಬಂದಿತ್ತು. ಆದರೆ ಮೂರರಲ್ಲಿಯೂ ಕೈ, ಕಣ್ಣು, ಕಾಲು ಸೇರಿದ್ದವು. ಕ್ಯಾಮೆರಾದ ಬಗ್ಗೆ ಅವಳಿಗೆ ಏನೂ ಗೊತ್ತಿರಲಿಲ್ಲ.

ಈಗಿನ ಕ್ಯಾಮೆರಾ ಒಂದೇ ಒತ್ತಿಗೆ ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ ತೆಗೆಯುತ್ತದಲ್ಲ, ಇನ್ನು ಈ ತಾಳಜ್ಞಾನವೇಕೆ ಎಂದು ಹುಡುಗರು ಕೇಳುತ್ತಾರೆ. ಸರಿ. ಒಂದು ಸಂಜೆಗೆ ಎರಡು ಸಾವಿರ ಚಿತ್ರಗಳಾಗುತ್ತವೆ. ಇಟ್ಟುಕೊಳ್ಳುವುದು ಯಾವುದನ್ನು? ಅಲ್ಲಿ ಆರಿಸುವವನ ಬೆರಳು ಯಾವುದರ ಮೇಲೆ ನಿಲ್ಲಬೇಕೆಂಬುದಕ್ಕೆ ಮತ್ತೆ ಅದೇ ಕಾಲು ಬೇಕು.

ಕುಣಿತ ಬಲ್ಲವನ ಕಣ್ಣಿಗೆ ಒಂದು ದೋಷವೂ ಇದೆ, ಹೇಳದಿದ್ದರೆ ತಪ್ಪಾದೀತು. ಅವನು ತಪ್ಪಿಲ್ಲದ್ದನ್ನೇ ಹುಡುಕುತ್ತಾನೆ. ನಮ್ಮ ಶಾಲೆಯ ವಿಜ್ಞಾನದ ಮಾಸ್ತರರಿಗೆ ತಾಳವೆಂದರೆ ಬಾಗಿಲಿಗೆ ಹಾಕುವ ಕೀಲಿಯ ಸಂಬಂಧಿ. ಒಂದು ಸಲ ಅವರು ನನ್ನೊಡನೆ ಆಟಕ್ಕೆ ಬಂದು, ಪರದೆಯ ಹಿಂದೆ ಹೋಗಿ, ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಚಹಾ ಕುಡಿಯುತ್ತಿದ್ದ ನಮ್ಮ ಕರ್ಣನ ಚಿತ್ರ ತೆಗೆದರು. ಹಣೆಯ ಮೇಲೆ ಕಿರೀಟ ಒತ್ತಿದ ಗುರುತಿತ್ತು, ಬಣ್ಣದ ನಡುವೆ ಬೆವರಿನ ಗೆರೆಗಳಿದ್ದವು. ನಾನು ಆ ಹೊತ್ತಿನಲ್ಲಿ ಮುಂದಿನ ಮುಕ್ತಾಯಕ್ಕೆ ಕಾಯುತ್ತ ಅಟ್ಟದ ಮುಂದೆಯೇ ಕುಳಿತಿದ್ದೆ. ಅಂಥದೊಂದು ಚಿತ್ರ ನನಗೆ ಎಂದೂ ಸಿಗಲಿಲ್ಲ.

ಮಾಸ್ತರರು ೨೦೦೪ರಲ್ಲಿ ತೀರಿಕೊಂಡರು. ಮನೆಯವರು ಚಿತ್ರ ಕೇಳಿದಾಗ ಎರಡನ್ನೂ ಕೊಟ್ಟೆ. ಚಹಾ ಕುಡಿಯುವುದನ್ನು ಅವರ ಹೆಂಡತಿ ದೇವರ ಮಾಡದ ಬಳಿ ಇಟ್ಟುಕೊಂಡರು. ಊರಿದ ಕರ್ಣ ಪಡಸಾಲೆಯ ಗೋಡೆಗೆ ಹೋದ.

ಎರಡು ವರ್ಷದ ಹಿಂದೆ ಆ ಮನೆಗೆ ಹೋಗಿದ್ದೆ. ಊರಲ್ಲಿ ಮತ್ತೆ ಆಟ ಆಡಬೇಕೆಂದು ಹುಡುಗರು ಸೇರಿದ್ದರು. ಅವರ ಮೊಮ್ಮಗನಿಗೆ ಕರ್ಣನ ಪಾತ್ರ. ಅಜ್ಜ ತೀರಿದಾಗ ಹುಟ್ಟಿರದ ಹುಡುಗ ಅವನು. ಪಡಸಾಲೆಯಲ್ಲಿ ಚಿತ್ರದ ಎದುರಿಗೆ ನಿಂತು, ಅದನ್ನು ನೋಡುತ್ತ ಬಲಗಾಲು ಇಡುವುದು, ತೆಗೆಯುವುದು, ಮತ್ತೆ ಇಡುವುದು ನಡೆಸಿದ್ದ. ವಿಜಯನಗರದ ಹುಡುಗಿಯರು ಫಲಕದ ಮುಂದೆ ಹೀಗೆಯೇ ನಿಂತಿರಬೇಕು ಎನಿಸಿತು. ಕಾಲು ಸರಿಯಾಗಿಯೇ ಊರಿತ್ತು, ಭುಜವೂ ಅಜ್ಜನದರಂತೆಯೇ ತಿರುಗಿತ್ತು. ಆದರೂ ಹುಡುಗನಿಗೆ ಸಮಾಧಾನವಿಲ್ಲ. ನನ್ನನ್ನು ನೋಡಿ ಕೇಳಿದ: “ಸರ್ರ, ನಿಲ್ಲೂದು ಇದರಾಗ ಐತ್ರಿ. ಇಲ್ಲಿಗೆ ಬರೂದು ಹೆಂಗ್ರಿ?”

ಅಂಗಿಯ ಜೇಬಿನ ಕನ್ನಡಕವನ್ನು ಕಿಟಕಿಯಲ್ಲಿಟ್ಟು, ಧೋತರ ಎತ್ತಿ ಕಟ್ಟಿ, ಅವನ ಪಕ್ಕಕ್ಕೆ ಹೋಗಿ ನಿಂತೆ. ಅಡಿಗೆಮನೆಯಿಂದ ಅವನ ಅಜ್ಜಿ ಬಂದು ಹೊಸ್ತಿಲಲ್ಲಿ ಕುಳಿತು, ಹಿತ್ತಾಳೆಯ ತಾಟನ್ನು ಬೋರಲು ಹಾಕಿಕೊಂಡು ಮುಕ್ತಾಯ ಬಡಿದರು. ಮೂರನೆಯ ಪೆಟ್ಟಿಗೆ ಇಬ್ಬರೂ ಊರಿದೆವು. ನನ್ನ ಮೊಣಕಾಲು ಎರಡು ದಿನ ನೋಯಿತು.